ಅತ್ತೆಯ ಚೀಲದಲ್ಲಿ ಎರಡು ಬಾಳೆಕಂದು

ನೊಣವಿನಕೆರೆ

ಉಗಾಂಡಕ್ಕೆ ಬನ್ನಿ ಎಂದು ಕರೆ ಬಂದದ್ದು ನಮ್ಮ ಅತ್ತೆ ಗೌರಮ್ಮನವರಿಗೆ, ನನಗಲ್ಲ. ಅವರಿಗೆ ಅರವತ್ತೇಳು ವರ್ಷ. ಅಲ್ಲಿಯವರೆಗೆ ಅವರು ಕಂಡಿದ್ದ ಅತಿ ದೂರದ ಊರು ಧರ್ಮಸ್ಥಳ. ನಾನು ತುರುವೇಕೆರೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುವವಳು. ಅತ್ತೆಗೆ ಇಂಗ್ಲಿಷ್ ಬಾರದು ಎಂಬ ಒಂದೇ ಕಾರಣಕ್ಕೆ ನನ್ನ ಹೆಸರೂ ಜೊತೆಗೆ ಸೇರಿತು.

ಬಾಳೆ ಬೆಳೆಯುವ ಹೆಂಗಸರು ಬೇರೆ ಬೇರೆ ದೇಶಗಳಿಂದ ಹೋಗಿ, ಅಲ್ಲಿನ ರೈತ ಮಹಿಳೆಯರ ತೋಟದಲ್ಲಿ ಒಂದು ವಾರ ಇದ್ದು ಬರುವ ಏರ್ಪಾಡು ಅದು. ತೋಟ ತುಂಬಿದ್ದ ಕಾಲದಲ್ಲಿ ತೋಟಗಾರಿಕೆ ಇಲಾಖೆಯವರು ಅತ್ತೆಯ ಹೆಸರು ಬರೆದು ಕಳಿಸಿದ್ದರಂತೆ. ಆದರೆ ಕರೆ ಬಂದ ಹೊತ್ತಿಗೆ ಅತ್ತೆಯ ತೋಟದಲ್ಲಿ ಬಾಳೆ ಎನ್ನುವಂಥದ್ದು ಹೆಚ್ಚೇನೂ ಉಳಿದಿರಲಿಲ್ಲ. ತೆಂಗಿನ ಸಾಲುಗಳ ನಡುವೆ ಅವರು ಹಾಕಿದ್ದೆಲ್ಲ ಏಲಕ್ಕಿ ಬಾಳೆ, ನಮ್ಮ ಬಾಯಲ್ಲಿ ಪುಟ್ಟಬಾಳೆ. ಸೊರಗು ರೋಗ ಬಂದು ಎರಡೇ ವರ್ಷದಲ್ಲಿ ಮೂಲೆಯ ನಾಲ್ಕು ಬುಡ ಬಿಟ್ಟು ಮಿಕ್ಕಿದ್ದೆಲ್ಲ ಹೋಗಿತ್ತು. ಎಲೆಗಳು ಹಳದಿಯಾಗಿ ಸುತ್ತಲೂ ಲಂಗದ ಹಾಗೆ ಜೋತು ಬೀಳುತ್ತಿದ್ದವು. ಅತ್ತೆ ತೋಟದ ಕಡೆ ಹೋಗುವುದನ್ನೇ ಬಿಟ್ಟಿದ್ದರು.

"ಸತ್ತೋಗಿರೋ ತೋಟದೋಳನ್ನ ಕರೀತಾವ್ರಲ್ಲ, ಅವ್ರಿಗೂ ಬುದ್ಧಿ ಇಲ್ಲ ಬುಡು," ಎಂದು ಕಾಗದವನ್ನು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಬಿಟ್ಟರು. ಒಂದು ವಾರ ಕಳೆದ ಮೇಲೆ, ಅವರೆಕಾಯಿ ಸುಲಿಯುತ್ತಾ ಕೂತಿದ್ದವರು ತಲೆಯೆತ್ತದೆ ಕೇಳಿದರು:

"ಅಲ್ಲೂ ಬಾಳೆ ಐತೇನೇ?"

"ಅವರಿಗೆ ಬಾಳೆಯೇ ಊಟ ಅತ್ತೆ. ನಮಗೆ ಮುದ್ದೆ ಹೇಗೋ ಹಾಗೆ."

"ಊಟಕ್ಕೆ ಬಾಳೆಯಾ? ಹಂಗಾದ್ರೆ ಒಂದಪ ನೋಡ್ಬೇಕು ಕಣೇ."

ಸಮುದ್ರದ ಮೇಲೆ

ವಿಮಾನದಲ್ಲಿ ಅತ್ತೆ ಕಿಟಕಿ ಬಿಟ್ಟು ಅಲ್ಲಾಡಲಿಲ್ಲ. ಕೆಳಗೆ ನೀರೇ ನೀರು. ಪಾಠ ಹೇಳುವ ಚಟ ನನ್ನದು, ಸುಮ್ಮನಿರಲಾಗಲಿಲ್ಲ. ಬಾಳೆಯನ್ನು ಮೊದಲು ನೆಟ್ಟು ಸಾಕಿದವರು ಮೂಡಲ ಕಡಲಿನ ದ್ವೀಪಗಳ ಜನ ಎನ್ನುತ್ತಾರೆ, ಅಲ್ಲಿಂದ ಅದು ನಮ್ಮ ನಾಡಿಗೂ ಬಂತು, ಇದೇ ಸಮುದ್ರ ದಾಟಿ ದೋಣಿಗಳಲ್ಲಿ ಆಫ್ರಿಕಾಕ್ಕೂ ಹೋಯಿತು, ಯಾವ ಕಾಲದಲ್ಲಿ, ಯಾವ ದಾರಿಯಲ್ಲಿ ಎಂದು ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ ಎಂದೆಲ್ಲ ಹೇಳಿದೆ.

"ತೆಂಗಿನಕಾಯಿ ಆದ್ರೆ ತೇಲ್ಕಂಡಾದ್ರೂ ಹೋದೀತು," ಎಂದರು ಅತ್ತೆ. "ಬಾಳೆ ಹೆಂಗೇ ಹೋಯ್ತದೆ? ಬೀಜ ಇಲ್ಲ, ಹಕ್ಕಿ ತಗಂಡೋಗಕ್ಕಿಲ್ಲ. ಕಂದು ಕಿತ್ಕಂಡು ಕೈಯಲ್ಲೇ ತಗಂಡೋಗ್ಬೇಕು. ಬೇರು ಒಣಗ್ದಂಗೆ ನೀರು ಚಿಮುಕಿಸ್ಬೇಕು."

"ಹೌದು. ಯಾರೋ ಹಾಗೇ ಒಯ್ದಿರಬೇಕು."

"ಯಾರೋ ಏನು, ಹೆಂಗಸೇ. ಗಂಡಸಿಗೆ ದೋಣೀಲಿ ಗಿಡಕ್ಕೆ ನೀರು ಹಾಕೋ ಗ್ಯಾನ ಎಲ್ಲಿರ್ತದೆ?" ಎಂದು ಮತ್ತೆ ಕಿಟಕಿಗೆ ಹಣೆ ಹಚ್ಚಿದರು. ಅವರ ಮುಖದಲ್ಲಿ ಒಂದು ಕಳ್ಳ ನಗು ಇತ್ತು. ವಿಮಾನ ಹತ್ತಿದ ಖುಷಿ ಎಂದುಕೊಂಡೆ.

ಎಂಟೆಬೆ

ವಿಮಾನ ನಿಲ್ದಾಣದಲ್ಲಿ ಅತ್ತೆಯ ಚೀಲವನ್ನು ಪಕ್ಕಕ್ಕೆ ಎಳೆದಿಟ್ಟರು. ನೀಲಿ ಅಂಗಿ ತೊಟ್ಟ ಅಧಿಕಾರಿಣಿಯೊಬ್ಬಳು ಬಂದು ಬಹಳ ಮರ್ಯಾದೆಯಿಂದ ಚೀಲ ಬಿಚ್ಚಲು ಅನುಮತಿ ಕೇಳಿದಳು. ಸೀರೆ, ಚಕ್ಕುಲಿ ಡಬ್ಬ, ಕೊಬ್ಬರಿ ಮಿಠಾಯಿ ಒಂದೊಂದಾಗಿ ಹೊರಬಂದವು. ಎಲ್ಲದರ ಅಡಿಯಲ್ಲಿ ಒದ್ದೆ ಗೋಣಿಯ ಒಂದು ಗಂಟು. ಬಿಚ್ಚಿದರೆ ಎರಡು ಬಾಳೆಕಂದು, ತೆಂಗಿನ ನಾರಿನಲ್ಲಿ ಕೂಸಿನಂತೆ ಸುತ್ತಿಕೊಂಡು ಮಲಗಿದ್ದವು. ಬೇರಿನಲ್ಲಿ ನೊಣವಿನಕೆರೆಯ ಕೆಂಪು ಮಣ್ಣು ಇನ್ನೂ ಹಸಿಯಾಗಿತ್ತು.

"ಅತ್ತೆ! ಇದೇನು?"

"ಹೊಸ ಮನೆಗೆ ಬರಿಗೈಲಿ ಹೋಗಕ್ಕಾಯ್ತದಾ? ಉಳ್ದಿರೋ ನಾಕು ಬುಡದಾಗೆ ಚೆಂದಾಗಿರೋವೇ ಆರಿಸ್ಕಂಡ್ ಬಂದಿವ್ನಿ."

ಆ ಹೆಣ್ಣುಮಗಳು ರೇಗಲಿಲ್ಲ. ಕುರ್ಚಿ ತಂದು ಅತ್ತೆಯನ್ನು ಕೂರಿಸಿ, ತಾನು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು, ನಿಮ್ಮ ತೋಟದಲ್ಲಿ ಬಾಳೆಗೆ ಸೊರಗು ರೋಗ ಇದೆಯೇ ಎಂದು ಕೇಳಿದಳು. ನಾನು ಸುಳ್ಳು ಹೇಳಬಹುದಿತ್ತು. ಇದೆ ಎಂದೆ. ಆಗ ಅವಳು ಬೇರಿನ ಮಣ್ಣನ್ನು ಬೆರಳಿಂದ ತೋರಿಸುತ್ತಾ ನಿಧಾನವಾಗಿ ವಿವರಿಸಿದಳು: ಆ ರೋಗ ಇರುವುದು ಈ ಮಣ್ಣಿನಲ್ಲಿ. ಗಿಡ ಎಷ್ಟೇ ಚೆನ್ನಾಗಿ ಕಂಡರೂ ಬುಡದಲ್ಲಿ ಅದು ಕೂತಿರಬಹುದು. ಒಂದು ಹಿಡಿ ಮಣ್ಣು ಸಾಕು. ನಮ್ಮ ಜನ ಬಾಳೆಯನ್ನೇ ಉಣ್ಣುವವರು, ಅಮ್ಮ.

ನಾನು ಅದನ್ನೆಲ್ಲ ಕನ್ನಡದಲ್ಲಿ ಹೇಳಿದೆ. ಹೇಳಬಾರದಿತ್ತೋ ಏನೋ. ಅತ್ತೆಯ ಮುಖ ಒಮ್ಮೆಗೇ ಸೋತುಹೋಯಿತು.

"ಅಂಗಾರೆ ನಾನು ಇವ್ರ ಮನೇಗೆ ರೋಗ ತಂದಿದ್ನಾ?"

ಕಂದುಗಳನ್ನು ಸುಡಲು ಒಯ್ದರು. ನಮ್ಮ ಚಪ್ಪಲಿಗಳನ್ನೂ ಔಷಧಿ ನೀರಿನಲ್ಲಿ ಅದ್ದಿಸಿದರು. ಹೊರಗೆ ಬಂದಾಗ ಎದುರಿಗೆ ದಡವೇ ಕಾಣದಷ್ಟು ನೀರು ಹೊಳೆಯುತ್ತಿತ್ತು. ಅತ್ತೆಯ ಮನಸ್ಸು ತಿರುಗಿಸಲು, "ನೋಡಿ ಅತ್ತೆ, ಇದು ಸಮುದ್ರ ಅಲ್ಲ, ಕೆರೆಯಂತೆ!" ಎಂದೆ. ಬೇರೆ ದಿನವಾಗಿದ್ದರೆ ನಮ್ಮೂರ ಕೆರೆಯ ತೂಬು, ಏರಿ, ಹೂಳು ಎಲ್ಲ ಮಾತಿಗೆ ಬರುತ್ತಿದ್ದವು. ಅವತ್ತು "ಹೂಂ" ಎಂದಷ್ಟೇ ಹೇಳಿ, ನಮಗಾಗಿ ಬಂದಿದ್ದ ಕಾರು ಹತ್ತಿದರು.

ಮಸಾಕಾದ ರಸ್ತೆ

ದಾರಿಯಲ್ಲಿ ಭೂಮಧ್ಯರೇಖೆ ಸಿಗುತ್ತದೆ. ರಸ್ತೆಗೆ ಅಡ್ಡವಾಗಿ ಗೆರೆ, ಪಕ್ಕದಲ್ಲಿ ದೊಡ್ಡ ಸಿಮೆಂಟಿನ ಬಳೆ. ಇಪ್ಪತ್ತು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಗೆರೆಯ ಮೇಲೆ ನಾನೇ ನಿಂತಾಗ ಮಕ್ಕಳ ಹಾಗೆ ಕುಣಿಯುವಂತಾಯಿತು. ಆಚೆಗೊಂದು ಕಾಲು, ಈಚೆಗೊಂದು ಕಾಲು ಇಟ್ಟು ಫೋಟೋ ತೆಗೆಸಿಕೊಂಡೆ. ಅತ್ತೆ ಕಾರಿನಿಂದ ಇಳಿಯಲೇ ಇಲ್ಲ.

ಮಧ್ಯಾಹ್ನ ಊಟಕ್ಕೆ ನಿಂತ ಹೋಟೆಲಿನಲ್ಲಿ ಮೊದಲು ಬಂದದ್ದು ಮಟೋಕೆ. ಬಾಳೆಕಾಯಿಯನ್ನು ಬಾಳೆಯೆಲೆಯಲ್ಲಿ ಕಟ್ಟಿ, ಹಬೆಯಲ್ಲಿ ಬೇಯಿಸಿ, ಹಿಸುಕಿ, ಬಿಸಿಬಿಸಿ ಬಡಿಸುವ ಹಳದಿ ಅಡುಗೆ. ಅತ್ತೆ ಒಂದು ತುತ್ತು ಬಾಯಿಗಿಟ್ಟು ನೀರು ಕುಡಿದರು. ಅವರು ಉಣ್ಣದಿದ್ದುದನ್ನು ಕಂಡ ಬಡಿಸುವಾಕೆ ಒಳಗೆ ಹೋಗಿ ಇನ್ನೊಂದು ಬುಟ್ಟಿ ತಂದಿಟ್ಟಳು. ಮುಚ್ಚಳ ತೆಗೆದರೆ ಕಂದು ಬಣ್ಣದ ಮುದ್ದೆ!

ಅತ್ತೆ ಬೆರಳಲ್ಲಿ ಮುರಿದು ಮೂಸಿದರು. "ರಾಗಿ ಕಣೇ!"

ಅವರು ಅದಕ್ಕೆ ಕಲೊ ಎನ್ನುತ್ತಾರೆ. ನಮ್ಮದಕ್ಕಿಂತ ಸ್ವಲ್ಪ ಅಂಟು, ಮರಗೆಣಸಿನ ಹಿಟ್ಟೂ ಬೆರೆತಿತ್ತು. ಜೊತೆಗೆ ಕಡಲೆಕಾಯಿ ಗೊಜ್ಜು. ರಾಗಿ ಹುಟ್ಟಿದ್ದೇ ಈ ಆಫ್ರಿಕಾದ ಎತ್ತರದ ನೆಲದಲ್ಲಿ, ಇಲ್ಲಿಂದಲೇ ನಮ್ಮ ಕಡೆ ಬಂದದ್ದು ಎಂದೆ.

"ಸುಳ್ಳು ಹೇಳ್ಬ್ಯಾಡ. ರಾಗಿ ನಮ್ದು."

"ನಿಜ ಅತ್ತೆ. ಅದನ್ನೂ ಯಾರೋ ತಂದದ್ದೇ."

ಅವರು ನಂಬಿದಂತೆ ಕಾಣಲಿಲ್ಲ. ಆದರೆ ಎರಡು ದಿನದಲ್ಲಿ ಮೊದಲ ಸಲ ಹೊಟ್ಟೆ ತುಂಬ ಉಂಡರು. ಅಗಿಯದೆ ಗುಳುಂ ಎಂದು ನುಂಗುತ್ತಿದ್ದ ಅವರನ್ನು ಬಡಿಸುವಾಕೆ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಳು.

ಜಜ್ಜನ ತೋಟ

ನಾವು ಇಳಿದುಕೊಂಡದ್ದು ಮಸಾಕಾ ಪಟ್ಟಣದಾಚೆಯ ಹಳ್ಳಿಯಲ್ಲಿ, ಪ್ರಾಥಮಿಕ ಶಾಲೆಯ ಶಿಕ್ಷಕಿ ನಕಾಟೊ ಎಂಬವಳ ಮನೆಯಲ್ಲಿ. ನನ್ನದೇ ವಯಸ್ಸಿನವಳು. ತೋಟ ಅವಳ ತಾಯಿಯದು. ಆ ಮುದುಕಿಯನ್ನು ಊರೆಲ್ಲ ಜಜ್ಜ ಎಂದು ಕರೆಯುತ್ತಿತ್ತು, ಅವರ ಭಾಷೆಯಲ್ಲಿ ಅಜ್ಜಿ ಎಂದರ್ಥ. ಎಂಬತ್ತರ ಹತ್ತಿರ ವಯಸ್ಸು, ಮುಂದೆ ಎರಡು ಹಲ್ಲಿಲ್ಲ, ಸೊಂಟದಲ್ಲಿ ಸದಾ ಒಂದು ಕುಡುಗೋಲು.

ನಾವು ಹೋಗುತ್ತಲೇ ನಕಾಟೊ ಅಂಗಳದ ಮಣ್ಣಿನಲ್ಲಿ ಎರಡೂ ಮಂಡಿಯೂರಿ, ಕೈ ನೀಡಿ ಅತ್ತೆಗೆ ನಮಸ್ಕಾರ ಹೇಳಿದಳು. ಅಲ್ಲಿ ಹಿರಿಯರನ್ನು ಕಾಣುವ ರೀತಿ ಅದು. ಅತ್ತೆ ಗಾಬರಿಯಾಗಿ ಅವಳ ತೋಳು ಹಿಡಿದು, "ಏಳವ್ವಾ ಏಳು, ಸೀರೆ ಮಣ್ಣಾಯ್ತದೆ" ಎಂದು ಎಳೆದರು. ಅವಳು ಉಟ್ಟಿದ್ದು ಸೀರೆಯಲ್ಲ ಎಂಬುದೂ ಅವರಿಗೆ ತೋಚಲಿಲ್ಲ.

ಮನೆಯ ಸುತ್ತಲೂ ಬಾಳೆ. ಅಡುಗೆಮನೆಯ ಬಾಗಿಲಿನಿಂದ ಹಿಡಿದು ಇಳಿಜಾರಿನ ಕೊನೆಯವರೆಗೆ ಬಾಳೆ. ನೆಲ ಕಾಣದಷ್ಟು ದಪ್ಪಗೆ ಒಣಗಿದ ಬಾಳೆಲೆ, ದಿಂಡಿನ ಚೂರು ಹಾಸಿದ್ದರು. ಅತ್ತೆ ಅದನ್ನು ಸರಿಸಿ ಕೈ ತೂರಿಸಿದರು. ಅಡಿಯ ಮಣ್ಣು ತಣ್ಣಗೆ, ಮೆತ್ತಗೆ ಇತ್ತು. "ಹಾಸಿಗೆ ಹಾಸವ್ಳೆ ಕಣೇ," ಎಂದರು. ಜಜ್ಜ ಏನೋ ಕೇಳಿದಳು. ನಕಾಟೊ ಅದನ್ನು ಇಂಗ್ಲಿಷ್ ಮಾಡಿದಳು, ನಾನು ಕನ್ನಡ ಮಾಡಿದೆ. ಅತ್ತೆ ಹೇಳಿದ್ದನ್ನು ಅದೇ ದಾರಿಯಲ್ಲಿ ವಾಪಸು ಕಳಿಸಿದೆವು. ಇಬ್ಬರು ಮುದುಕಿಯರ ನಡುವೆ ಇಬ್ಬರು ಮೇಡಮ್ಮುಗಳು ಟಪಾಲು ಸಾಗಿಸಿದ ಹಾಗಾಯಿತು. ಅರ್ಧ ದಾರಿಯಲ್ಲೇ ಎಷ್ಟೋ ಮಾತು ಸೋರಿಹೋಗುತ್ತಿತ್ತು. ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ಇಬ್ಬರೂ ನಮ್ಮನ್ನು ಬಿಟ್ಟು ಗಿಡ ಮುಟ್ಟುತ್ತಾ ಮುಂದೆ ಹೋಗಿಬಿಟ್ಟರು.

ಇಳಿಜಾರಿನ ಕೊನೆಯಲ್ಲಿ ಅತ್ತೆ ತಟ್ಟನೆ ನಿಂತರು. ತೆಳ್ಳನೆಯ ಗಿಡ, ಚಿಕ್ಕ ಗೊನೆ. ಎಲೆಯ ದಂಟನ್ನು ಸವರಿ ನೋಡಿದರು. ಹಣ್ಣಾಗಿದ್ದ ಒಂದನ್ನು ಕಿತ್ತು, ತೆಳು ಸಿಪ್ಪೆ ಸುಲಿದು, ಬಾಯಿಗಿಟ್ಟು ಕಣ್ಣು ಮುಚ್ಚಿದರು.

"ಸುಮಿತ್ರಾ, ಬಾರೇ ಇಲ್ಲಿ," ಎಂದು ನನ್ನನ್ನು ಕೂಗಿದರು. "ಇದು ನಮ್ ಪುಟ್ಟಬಾಳೆ."

ಆ ಗಿಡಕ್ಕೆ ಅಲ್ಲಿ ಕಿಸುಬಿ ಎಂದು ಹೆಸರು. ನಕಾಟೊ ತನಗೆ ಗೊತ್ತಿದ್ದಷ್ಟು ಹೇಳಿದಳು: ಊಟದ ಮಟೋಕೆ ಬಹಳ ಹಳೆಯದು, ಯಾವ ಕಾಲದಲ್ಲಿ ಕಡಲು ದಾಟಿ ಬಂತೋ ಯಾರಿಗೂ ನೆನಪಿಲ್ಲ. ಕಿಸುಬಿ ಆಮೇಲಿನದು, ನಿಮ್ಮ ಕಡೆಯ ತಳಿ ಎನ್ನುತ್ತಾರೆ. ತಂದವರು ಯಾರು ಎಂದು ಎಲ್ಲೂ ಬರೆದಿಟ್ಟಿಲ್ಲ.

ಅತ್ತೆ ಆ ಗಿಡದ ಮೇಲೆ ಕೈಯಿಟ್ಟರು. ಆಮೇಲೆ, "ಯಾವ ತಾಯಿ ತಂದ್ಲೋ. ಅವಳ್ನ ಯಾರೂ ತಡೀಲಿಲ್ಲ," ಎಂದರು.

ಅಷ್ಟರಲ್ಲಿ ಜಜ್ಜ ಅತ್ತೆಯ ಕೈಯಲ್ಲಿದ್ದ ಹಣ್ಣನ್ನು ನೋಡಿ ನಗತೊಡಗಿದಳು. ಇದನ್ನು ಯಾರಾದರೂ ತಿನ್ನುತ್ತಾರೆಯೇ? ಇದು ರಸ ತೆಗೆಯುವ ಹಣ್ಣು! ಆ ಸಂಜೆ ಅದನ್ನು ಕಣ್ಣಾರೆ ಕಂಡೆವು. ಕಳಿತ ಹಣ್ಣುಗಳನ್ನು ದೋಣಿಯಂಥ ಮರದ ತೊಟ್ಟಿಯಲ್ಲಿ ಸುರಿದು, ಹುಲ್ಲು ಸೇರಿಸಿ, ನಕಾಟೊಳ ತಮ್ಮ ಕಾಲು ತೊಳೆದುಕೊಂಡು ಬಂದು ತುಳಿಯತೊಡಗಿದ.

"ಅಯ್ಯಯ್ಯೋ, ದೇವ್ರಿಗೆ ಇಕ್ಕೋ ಹಣ್ಣ ಕಾಲಲ್ಲಿ ತುಳೀತಾನಲ್ಲೇ!" ಎಂದು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಆದರೆ ರಸ ಸೋಸಿ ಲೋಟದಲ್ಲಿ ಕೊಟ್ಟಾಗ ಬೇಡವೆನ್ನಲಿಲ್ಲ. ಕುಡಿದು, ತುಟಿ ಒರೆಸಿಕೊಂಡು, ಇನ್ನೊಂದು ಲೋಟಕ್ಕೆ ಕೈ ಚಾಚಿದರು.

ಕಂದು ಬಣ್ಣದ ಉಂಗುರ

ಮೂರನೆಯ ದಿನ ಬೆಳಿಗ್ಗೆ ಅತ್ತೆ ಒಬ್ಬರೇ ತೋಟಕ್ಕೆ ಹೋಗಿದ್ದವರು ಓಡಿಬಂದು ಜಜ್ಜನ ಕೈ ಹಿಡಿದು ಎಳೆದುಕೊಂಡು ಹೋದರು. ನಾವೂ ಹಿಂದೆ ಓಡಿದೆವು. ಕಿಸುಬಿಯ ಒಂದು ಬುಡದಲ್ಲಿ ಎಲೆಗಳು ಹಳದಿಯಾಗಿ ಜೋತು ಬಿದ್ದಿದ್ದವು. ಅತ್ತೆ ಕುಡುಗೋಲು ಕೇಳಿ ಪಡೆದು ದಿಂಡನ್ನು ಅಡ್ಡಕ್ಕೆ ಕಡಿದರು. ಬೆಳ್ಳಗಿರಬೇಕಾದ ಕಡೆ ಸುತ್ತಲೂ ಕಂದು ಬಣ್ಣದ ಉಂಗುರಗಳು.

"ಇವ್ರಿಗೂ ಬಂದೈತೆ," ಎಂದು ಅಲ್ಲೇ ಕೂತುಬಿಟ್ಟರು. ಇನ್ನು ಅಳುತ್ತಾರೆ ಎಂದುಕೊಂಡೆ.

ಜಜ್ಜ ಮಾತ್ರ ಹೆದರಲಿಲ್ಲ. ಅವಳಿಗೆ ಅದು ಗೊತ್ತಿತ್ತು. ಈ ರೋಗ ಕಿಸುಬಿಗೆ ಬರುತ್ತದೆ, ಮಟೋಕೆಯನ್ನು ಮುಟ್ಟುವುದಿಲ್ಲ. ಕಿಸುಬಿ ಸತ್ತ ಕಡೆ ಮಟೋಕೆ ನೆಡುತ್ತೇನೆ, ಕಿಸುಬಿಯನ್ನು ದೂರದ ಹೊಸ ಮಣ್ಣಿಗೆ ಒಯ್ಯುತ್ತೇನೆ ಎಂದಳು. ಆಮೇಲೆ ತೋಟದ ತುಂಬ ಓಡಾಡಿಸಿ ಒಂದೊಂದು ಗಿಡದ ಹೆಸರು ಹೇಳಿದಳು. ನನಗೆ ಎಲ್ಲ ಒಂದೇ ಥರ ಕಂಡ ಗಿಡಗಳಿಗೆ ಅವಳಲ್ಲಿ ಹದಿನಾಲ್ಕು ಹೆಸರುಗಳಿದ್ದವು. ಒಂದು ಬೇಗ ಬೇಯುವುದು, ಒಂದು ಗಾಳಿಗೆ ಬೀಳದ್ದು, ಒಂದು ಬಾಣಂತಿಗೆ, ಒಂದು ಸುಟ್ಟು ತಿನ್ನಲು. "ನಾನೂ ಮುದುಕಿ, ಎಷ್ಟೋ ಜನರನ್ನು ಮಣ್ಣಿಗೆ ಇಟ್ಟಿದ್ದೇನೆ. ಮನೆಯಲ್ಲಿ ಒಬ್ಬರು ಸತ್ತರೆ ಮನೆ ಸಾಯುತ್ತದೆಯೇ?" ಎಂದಳು.

ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸಿದ ಮೇಲೆ ಅತ್ತೆ ತಲೆ ತಗ್ಗಿಸಿಕೊಂಡೇ ಮಾತಾಡಿದರು. ಅದುವರೆಗೆ ನಾನು ಕೇಳಿರದ ಮಾತು.

"ನಮ್ಮತ್ತೆ ಕಾಲ್ದಲ್ಲಿ ನಮ್ ತೋಟದಾಗೂ ಐದಾರು ಥರ ಇದ್ವು ಕಣೇ. ಬೂದುಬಾಳೆ, ಚಂದ್ರಬಾಳೆ, ಪಚ್ಚಬಾಳೆ. ಸಂತೇಲಿ ಪುಟ್ಟಬಾಳೇನೇ ಕೇಳ್ತಾರೆ ಅಂತ ಮಿಕ್ಕಿದ್ದೆಲ್ಲಾನೂ ನಾನೇ ಅಗೆದು ಬಿಸಾಕ್ದೆ. ನಮ್ಮತ್ತೆ ಬ್ಯಾಡ ಅಂತ ಬಾಯಿ ಬಡ್ಕಂಡ್ರು. ರೋಗಾನ ಬಯ್ಕಂಡು ಕೂತಿವ್ನಿ ಎರಡು ವರ್ಷದಿಂದ. ಬಾಗ್ಲು ತೆಗ್ದಿಟ್ಟೋಳು ನಾನೇ."

ಇದನ್ನು ನಾನು ಇಂಗ್ಲಿಷ್ ಮಾಡಿದೆ, ನಕಾಟೊ ತಾಯಿಗೆ ದಾಟಿಸಿದಳು. ಜಜ್ಜ ಕೇಳಿಸಿಕೊಂಡಳು. ಅತ್ತೆಯ ಪಕ್ಕದಲ್ಲಿ ಕಾಲು ಚಾಚಿ ಕೂತು, ಅವರ ಮಂಡಿಯ ಮೇಲೆ ಕೈಯಿಟ್ಟುಕೊಂಡಳು. ಹಾಗೆ ಇಬ್ಬರೂ ಎಷ್ಟು ಹೊತ್ತು ಕೂತಿದ್ದರೆಂದರೆ, ನಾನೂ ನಕಾಟೊನೂ ಹೋಗಿ ಟೀ ಮಾಡಿಕೊಂಡು ಬಂದೆವು.

ಹೊರಡುವ ದಿನ

ಬೆಳಿಗ್ಗೆ ಜಜ್ಜ ಒಂದು ಮಟೋಕೆ ಕಂದನ್ನು ಅಗೆದು, ಹಸಿ ಎಲೆಯಲ್ಲಿ ಸುತ್ತಿ, ಹಗ್ಗ ಬಿಗಿದು, ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಅತ್ತೆಯ ಮುಂದೆ ನೀಡಿದಳು. ರೋಗಕ್ಕೆ ಬಗ್ಗದ ಗಿಡ. ಅತ್ತೆಯ ಕಣ್ಣಿನಲ್ಲಿ ಆಸೆ ಹೊಳೆದದ್ದನ್ನು ನಾನು ಕಂಡೆ. ಕೈಯೂ ಅರ್ಧ ಮುಂದೆ ಬಂದಿತ್ತು. ಬೇಡ ಎಂದು ನಾನು ಹೇಗೆ ಹೇಳಲಿ ಎಂದು ತಡಕಾಡುತ್ತಿದ್ದಾಗ ಅತ್ತೆಯೇ ಕೈ ಹಿಂದಕ್ಕೆ ತೆಗೆದುಕೊಂಡರು.

"ಹೇಳೇ ಅವ್ರಿಗೆ. ಏರೋಪ್ಲೇನ್ ತಾವ ನಾನು ಮಾಡಿದ್ ಕೆಲಸ ಹೇಳು. ಮುಚ್ಚಿಡ್ಬ್ಯಾಡ."

ಹೇಳಿದೆ. ಗೋಣಿಗಂಟು, ಸೀರೆಯ ಅಡಿ, ಸುಟ್ಟದ್ದು, ಎಲ್ಲ. ನಮ್ಮ ಮಣ್ಣಿನಲ್ಲಿ ಏನಿದೆಯೋ ನಿಮಗೆ ಗೊತ್ತಿಲ್ಲ, ನಿಮ್ಮ ಮಣ್ಣಿನಲ್ಲಿ ಏನಿದೆಯೋ ನಮಗೆ ಗೊತ್ತಿಲ್ಲ, ಆದ್ದರಿಂದ ಬೇಡ ಎನ್ನುತ್ತಿದ್ದಾರೆ, ಬೇಸರ ಮಾಡಿಕೊಳ್ಳಬೇಡಿ ಎಂದೆ. ಜಜ್ಜ ಕೇಳುತ್ತಾ ಕೇಳುತ್ತಾ ನಗಲು ಶುರುಮಾಡಿದವಳು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ತಾನು ಮದುವೆಯಾಗಿ ಬಂದಾಗ ತವರಿನಲ್ಲಿ ಅಮ್ಮ ಕೊಟ್ಟ ಕಂದುಗಳನ್ನು ತಲೆಯ ಮೇಲೆ ಹೊತ್ತು, ಎರಡು ದಿನ ನಡೆದು ಬಂದಿದ್ದಳಂತೆ. "ನಿನ್ನನ್ನು ಕಂಡಿದ್ದರೆ ನಮ್ಮಮ್ಮನಿಗೆ ಇಷ್ಟವಾಗುತ್ತಿತ್ತು," ಎಂದಳು.

ಆ ಕಂದು ಅಲ್ಲೇ ಉಳಿಯಿತು. ಕಿಸುಬಿ ಸತ್ತ ಜಾಗದಲ್ಲಿ ಜಜ್ಜ ಗುಂಡಿ ತೋಡಿದಳು. ನೆಟ್ಟದ್ದು ಅತ್ತೆ. ಮಣ್ಣು ತುಳಿದು, ಒಣ ಎಲೆ ಹೊದಿಸಿ, ಕೊಡದಲ್ಲಿ ನೀರು ಹೊಯ್ದರು. ಕಾರು ಹೊರಟಾಗ ಅತ್ತೆ "ವೆಬಲೆ, ವೆಬಲೆ" ಎಂದು ಕೂಗಿದರು. ಧನ್ಯವಾದ ಹೇಳುವ ಮಾತು ಅದು. ವಾರದಲ್ಲಿ ಅವರು ಕಲಿತದ್ದು ಅದೊಂದೇ.

ತುರುವೇಕೆರೆ ಬಸ್ಸು

ಊರಿಗೆ ಬಂದ ಮೇಲೆ ಅತ್ತೆ ಮನೆಯಲ್ಲಿ ನಿಲ್ಲಲಿಲ್ಲ. ಸತ್ತ ಬುಡಗಳನ್ನೆಲ್ಲ ಅಗೆಸಿ ಸುಡಿಸಿದರು. ಆ ಜಾಗಕ್ಕೆ ಹಸಿರೆಲೆ ಗೊಬ್ಬರದ ಬೀಜ ಚೆಲ್ಲಿಸಿ, ತೋಟದ ಇನ್ನೊಂದು ತುದಿಯಲ್ಲಿ ಗುಂಡಿ ತೆಗೆಸಿದರು. ಆಮೇಲೆ ನೆಂಟರ ಮನೆಗಳ ಪಟ್ಟಿ ಶುರುವಾಯಿತು. ಹಾಲ್ಕುರಿಕೆಯಲ್ಲಿ ಅವರ ತಂಗಿಯ ಹಿತ್ತಿಲಿನಲ್ಲಿ ಚಂದ್ರಬಾಳೆ ಸಿಕ್ಕಿತು. ದಂಡಿನಶಿವರದ ಮುದುಕರೊಬ್ಬರ ತೋಟದಲ್ಲಿ ಬೂದುಬಾಳೆ ಇದೆ ಎಂದು ತಿಳಿದು ಒಂದು ಭಾನುವಾರ ನನ್ನನ್ನೂ ಎಬ್ಬಿಸಿಕೊಂಡು ಹೋದರು. ತೋಟದಲ್ಲಿ ಸೊರಗು ಇಲ್ಲವೆಂದು ಬುಡ ಬುಡವನ್ನೂ ನೋಡಿ ಖಚಿತಮಾಡಿಕೊಂಡು, ಕಂದುಗಳ ಬೇರು ಸವರಿ, ಮಣ್ಣು ಉಳಿಯದ ಹಾಗೆ ತೊಳೆದ ಮೇಲೆಯೇ ಚೀಲಕ್ಕೆ ಹಾಕಿದ್ದು.

ವಾಪಸು ಬರುವಾಗ ತುರುವೇಕೆರೆಯಲ್ಲಿ ತಿಪಟೂರಿನ ಬಸ್ಸು ಹತ್ತಿದೆವು. ಕಂಡಕ್ಟರ್ ಬಂದವನು ಚೀಲ ಎಡವಿದ.

"ಯಾರಜ್ಜಿ ಇದು, ಬಸ್ನಾಗೆ ತೋಟ ಮಾಡಿರೋರು?"

"ನಾನೇ ಕಣಪ್ಪ. ನಿಮ್ದು ಯಾವೂರು?"

"ಹುಳಿಯಾರ್ ತಾವ ಒಂದು ಹಟ್ಟಿ. ಕುರಿ ಸಾಕೋರು ನಾವು. ಬಾಳೆ ಗೀಳೆ ಎಲ್ಲ ಗೊತ್ತಿಲ್ಲ ನಮ್ಗೆ."

"ಬಚ್ಚಲ ನೀರು ಎಲ್ಲಿಗೋಯ್ತದೆ?"

"ಸುಮ್ನೆ ಹರ್ಕಂಡೋಯ್ತದೆ."

"ಸುಮ್ನೆ ಯಾಕ್ ಬುಡ್ತೀಯಾ? ತಗ, ಅದ್ರ ತಾವ ಇದ್ನ ನೆಡು," ಎಂದು ಅತ್ತೆ ಒಂದು ಬೂದುಬಾಳೆ ಕಂದನ್ನು ತೆಗೆದು ಅವನ ಕೈಗಿಟ್ಟೇಬಿಟ್ಟರು. ಅವನು ಟಿಕೆಟ್ ಯಂತ್ರ ಒಂದು ಕೈಯಲ್ಲಿ, ಬಾಳೆಕಂದು ಇನ್ನೊಂದು ಕೈಯಲ್ಲಿ ಹಿಡಿದು, ನಗಬೇಕೋ ಬೇಡವೋ ತಿಳಿಯದೆ ನಿಂತ. ಆಮೇಲೆ ಹೋಗಿ ಅದನ್ನು ಡ್ರೈವರ್ ಪಕ್ಕದಲ್ಲಿ, ಬೀಳದ ಹಾಗೆ, ನೀರಿನ ಕ್ಯಾನಿಗೆ ಒರಗಿಸಿಟ್ಟ.

ನೊಣವಿನಕೆರೆಯಲ್ಲಿ ಇಳಿದೆವು. ಬಸ್ಸು ಹೊರಟು ಸ್ವಲ್ಪ ಮುಂದೆ ಹೋಗಿತ್ತು. ಅತ್ತೆ ಹಣೆ ಚಚ್ಚಿಕೊಂಡರು.

"ಕುರಿ ಇರೋ ಮನೆ ಕಣೇ! ಬೇಲಿ ಕಟ್ಟು ಅಂತ ಹೇಳದೇ ಮರ್ತೆ!"

ಚೀಲವನ್ನು ನನ್ನ ಕೈಗೆ ತುರುಕಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬೇಲಿ ಕಟ್ಟಪ್ಪೋ! ಬೇಲಿ!" ಎಂದು ಕೂಗುತ್ತಾ ರಸ್ತೆಯ ಮಧ್ಯದಲ್ಲೇ ಓಡಿದರು. ಬಾಗಿಲಲ್ಲಿ ನಿಂತಿದ್ದ ಕಂಡಕ್ಟರ್ ಆಯ್ತಜ್ಜಿ ಎಂಬಂತೆ ಕೈಯೆತ್ತಿ, ಸೀಟಿ ಊದಿದ.